ಮೊದಲ ಗುರುವಿನ ಋಣ

ವೈದ್ಯಶಿಕ್ಷಣದ ಮೊದಲ ಆರು ತಿಂಗಳಲ್ಲಿ ವಿದ್ಯಾರ್ಥಿಯು ಒಬ್ಬ ರೋಗಿಯನ್ನೂ ಗುಣಪಡಿಸುವುದಿಲ್ಲ. ಅಂಗರಚನಾಶಾಸ್ತ್ರ, ಶರೀರಕ್ರಿಯಾಶಾಸ್ತ್ರ, ಜೀವರಸಾಯನಶಾಸ್ತ್ರಗಳು ಅವನ ಹಗಲಿರುಳುಗಳನ್ನು ತುಂಬಿಕೊಳ್ಳುತ್ತವೆ. 206 ಮೂಳೆಗಳು, ಅವುಗಳಿಗೆ ಅಂಟಿಕೊಂಡ ಸ್ನಾಯುಗಳು, ಅವುಗಳ ನಡುವೆ ಹಾದುಹೋಗುವ ನರಗಳು ಮತ್ತು ರಕ್ತನಾಳಗಳು ಅವನಿಗೆ ಕಂಠಪಾಠವಾಗಬೇಕು. ಪರೀಕ್ಷೆಯು ಈ ತಿಳಿವಳಿಕೆಯನ್ನು ಅಳೆಯುತ್ತದೆ. ಆದರೆ ಅಳತೆಗೆ ಸಿಗದ ಇನ್ನೊಂದು ಬದಲಾವಣೆಯೂ ಇದೇ ಅವಧಿಯಲ್ಲಿ ನಡೆಯುತ್ತದೆ. ಮೊದಲ ದಿನ ಶವದ ಮುಂದೆ ನಡುಗಿದ ಕೈ ಆರನೆಯ ತಿಂಗಳಿಗೆ ನಡುಗದೆ ಚೂರಿ ಹಿಡಿಯುತ್ತದೆ. ಇದು ಬೆಳವಣಿಗೆಯೋ, ನಷ್ಟವೋ? ಶಿಕ್ಷಣಶಾಸ್ತ್ರಕ್ಕಿಂತ ಮೊದಲು ಧರ್ಮಶಾಸ್ತ್ರ ಉತ್ತರಿಸಬೇಕಾದ ಪ್ರಶ್ನೆಯಿದು.

ಶವಚ್ಛೇದನದ ಕೊಠಡಿಯಲ್ಲಿ ಫಾರ್ಮಲಿನ್ನಿನ ವಾಸನೆ ಕಣ್ಣಲ್ಲಿ ನೀರು ತರಿಸುತ್ತದೆ. ಒಂದು ಮೇಜಿನ ಸುತ್ತ ಹಲವರು ವಿದ್ಯಾರ್ಥಿಗಳು ನಿಲ್ಲುತ್ತಾರೆ. ಸಾಮಾನ್ಯವಾಗಿ ತೋಳಿನಿಂದ ಪಾಠ ಆರಂಭವಾಗುತ್ತದೆ. ಕಂಕುಳಿನಲ್ಲಿ ಹೆಣೆದುಕೊಂಡ ನರಜಾಲವನ್ನು ಬಿಡಿಸುತ್ತ, ಮೊಣಕೈ ದಾಟಿ, ವಾರಗಳ ಬಳಿಕ ಅಂಗೈಗೆ ಬರುತ್ತಾರೆ. ಮೊದಲ ದಿನ ಹಲವರಿಗೆ ಊಟ ಸೇರುವುದಿಲ್ಲ. ಕೆಲವೇ ವಾರಗಳಲ್ಲಿ ಅದೇ ಮೇಜಿನ ಸುತ್ತ ಊಟದ ಮಾತೂ ಹರಟೆಯೂ ಕೇಳಿಬರತೊಡಗುತ್ತವೆ.

ಜುಗುಪ್ಸೆ ತೊಲಗುವುದು ದೋಷವಲ್ಲ. ಹರಿಯುವ ನೀರಿನಲ್ಲಿ ಏಳು ರಾತ್ರಿ ಇರಿಸಿ ಮೆತ್ತಗಾಗಿಸಿದ ಶವವನ್ನು ಪದರ ಪದರವಾಗಿ ಕೆರೆದು ಕಣ್ಣಾರೆ ನೋಡಬೇಕೆಂದು ಸುಶ್ರುತಸಂಹಿತೆಯು ಶಸ್ತ್ರವೈದ್ಯನಿಗೆ ವಿಧಿಸಿತ್ತು. ನಡುವಿನ ಶತಮಾನಗಳಲ್ಲಿ ಶವಸ್ಪರ್ಶದ ಮೈಲಿಗೆಯ ಭಾವನೆಯೇ ಬಲವಾಯಿತು. 1836ರಲ್ಲಿ ಕಲ್ಕತ್ತೆಯ ವೈದ್ಯಕೀಯ ಕಾಲೇಜಿನಲ್ಲಿ ಪಂಡಿತ ಮಧುಸೂದನ ಗುಪ್ತರು ಶವಚ್ಛೇದನ ಮಾಡಿದಾಗ ಅವರು ಮೀರಬೇಕಾಗಿದ್ದುದು ಈ ಭಾವನೆಯನ್ನೇ. ಜೈನ ಪರಂಪರೆಗೆ ಈ ವಿಚಾರ ಹೊಸದಲ್ಲ. ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ನಿರ್ವಿಚಿಕಿತ್ಸೆಯೂ ಒಂದು. ಸಮಂತಭದ್ರಾಚಾರ್ಯರು ಅದಕ್ಕೆ ನಿದರ್ಶನವಾಗಿ ಉದ್ದಾಯನ ರಾಜನನ್ನು ಹೆಸರಿಸಿದ್ದಾರೆ. ರೋಗಪೀಡಿತ ಮುನಿಯ ವಾಂತಿಯನ್ನು ಹೇಸದೆ ತೊಳೆದವನು ಆತ. ಹೇಸಿಗೆಯನ್ನು ಗೆಲ್ಲದವನು ಸೇವೆ ಮಾಡಲಾರ. ಈ ಅರ್ಥದಲ್ಲಿ ಶವಚ್ಛೇದನದ ಕೊಠಡಿಯು ಒಂದು ಸಾಧನೆಯ ಸ್ಥಳ.

ಆದರೆ ಉದ್ದಾಯನನ ಹೇಸಿಗೆ ಹೋದದ್ದು ಕರುಣೆ ಹೆಚ್ಚಿದುದರಿಂದ. ವಿದ್ಯಾರ್ಥಿಯ ಹೇಸಿಗೆ ಕೇವಲ ರೂಢಿಯಿಂದಲೂ ಹೋಗಬಹುದು. ಹೊರಗಿನಿಂದ ನೋಡುವವರಿಗೆ ಎರಡೂ ಒಂದೇ. ಎರಡರಲ್ಲಿಯೂ ಕೈ ನಡುಗುವುದಿಲ್ಲ. ಒಳಗೆ ಮಾತ್ರ ಅಜಗಜಾಂತರ. ರೂಢಿಯು ಹೇಸಿಗೆಯನ್ನು ಹೊರಗಟ್ಟುವಾಗ ಅದೇ ಬಾಗಿಲಿನಿಂದ ಗೌರವವನ್ನೂ ಕಳುಹಿಸಿಬಿಡುವುದುಂಟು.

ಶವಕ್ಕೆ ನೋವಿಲ್ಲ, ಹಾಗಿರುವಾಗ ಹಿಂಸೆಯ ಮಾತೇಕೆ ಎಂದು ಕೇಳಬಹುದು. ಪ್ರಾಣಿವಧೆಯ ಪ್ರಶ್ನೆಯಂತೂ ಈ ತರಗತಿಗಳಲ್ಲಿ ಬಹುಮಟ್ಟಿಗೆ ಬಗೆಹರಿದಿದೆ. ಹಿಂದೆ ಜೀವಂತ ಕಪ್ಪೆಯನ್ನು ಬಲಿಗೊಟ್ಟು ಕಲಿಯುತ್ತಿದ್ದ ಸ್ನಾಯು ಮತ್ತು ಹೃದಯದ ಪ್ರಯೋಗಗಳನ್ನು 2019ರಲ್ಲಿ ಜಾರಿಗೆ ಬಂದ ಪಠ್ಯಕ್ರಮವು ಕಂಪ್ಯೂಟರಿನ ನೆರವಿನಿಂದ ನೋಡಿ ಕಲಿಯುವಂತೆ ಮಾಡಿದೆ. ಉಳಿದಿರುವುದು ಹೆಚ್ಚು ಸೂಕ್ಷ್ಮವಾದ ಪ್ರಶ್ನೆ. ತತ್ತ್ವಾರ್ಥಸೂತ್ರವು ಹಿಂಸೆಯನ್ನು ನಿರೂಪಿಸುವಾಗ ಪ್ರಾಣಹಾನಿಯನ್ನಷ್ಟೇ ಹೇಳದೆ, ಅದರ ಮೂಲದಲ್ಲಿರುವ ಪ್ರಮಾದವನ್ನು ಮೊದಲು ಹೇಳುತ್ತದೆ. ಪ್ರಮಾದವೆಂದರೆ ಎಚ್ಚರಗೇಡಿತನ. ಶವದ ಮುಂದೆ ಅದು ಯಾರನ್ನೂ ನೋಯಿಸದು. ಆದರೆ ಅಲ್ಲಿ ಅಭ್ಯಾಸವಾದದ್ದು ಅಲ್ಲಿಯೇ ಉಳಿಯುವುದಿಲ್ಲ. ಮೇಜಿನ ಮೇಲಿದ್ದವನನ್ನು ಸಂಖ್ಯೆಯಿಂದ ಗುರುತಿಸಿದ ನಾಲಗೆ, ಮುಂದೊಂದು ದಿನ ವಾರ್ಡಿನಲ್ಲಿ ಮಲಗಿದವನನ್ನು ಹಾಸಿಗೆಯ ಸಂಖ್ಯೆಯಿಂದ, ಅವನ ರೋಗದ ಹೆಸರಿನಿಂದ ಕರೆಯುತ್ತದೆ. ಆಗ ನೋಯಲು ಒಂದು ಜೀವವಿರುತ್ತದೆ.

ಇನ್ನೂ ಒಂದು ಪ್ರಶ್ನೆಯಿದೆ. ಆ ದೇಹ ಅಲ್ಲಿಗೆ ಬಂದದ್ದು ಹೇಗೆ? ಕೆಲವು ದೇಹಗಳು ದಾನಿಗಳವು. ಬದುಕಿದ್ದಾಗಲೇ ಇಚ್ಛಾಪತ್ರಕ್ಕೆ ಸಹಿ ಹಾಕಿ, ಮನೆಯವರನ್ನು ಒಪ್ಪಿಸಿ, ತಮ್ಮ ಅಂತಿಮ ಸಂಸ್ಕಾರವನ್ನೇ ಮುಂದೂಡಿದವರು ಅವರು. ಉಳಿದವು ವಾರಸುದಾರರಿಲ್ಲದ ದೇಹಗಳು. ಬ್ರಿಟನ್ನಿನ 1832ರ ಅಂಗರಚನಾ ಕಾಯಿದೆಯು, ಅನಾಥಾಲಯಗಳಲ್ಲಿಯೂ ಆಸ್ಪತ್ರೆಗಳಲ್ಲಿಯೂ ಸತ್ತು, ಕೇಳುವವರಿಲ್ಲದ ಬಡವರ ಶವಗಳನ್ನು ವೈದ್ಯಶಾಲೆಗಳಿಗೆ ಒದಗಿಸಿತು. ಎಡಿನ್‌ಬರೋದಲ್ಲಿ ಶವಗಳನ್ನು ಮಾರುವುದಕ್ಕಾಗಿ 1828ರವರೆಗೆ 16 ಮಂದಿಯನ್ನು ಕೊಂದ ಭೀಕರ ಪ್ರಕರಣದ ನಂತರ ಬಂದ ಕಾಯಿದೆಯದು. ಶವಗಳ ವ್ಯಾಪಾರವನ್ನು ಅದು ತಡೆಯಿತು. ಆದರೆ ಹೊರೆಯನ್ನು ಬಡವರ ಮೇಲೆ ಹೊರಿಸಿತು. 1957ರ ಕರ್ನಾಟಕ ಅಂಗರಚನಾ ಕಾಯಿದೆಯೂ ವಾರಸುದಾರರಿಲ್ಲದ ಶವಗಳನ್ನು ವೈದ್ಯಶಿಕ್ಷಣಕ್ಕೆ ಬಳಸಲು ಅವಕಾಶ ನೀಡುತ್ತದೆ.

ಕೊಡದಿರುವುದನ್ನು ತೆಗೆದುಕೊಳ್ಳುವುದೇ ಅದತ್ತಾದಾನ. ಅಚೌರ್ಯವ್ರತವು ತ್ಯಜಿಸಬೇಕೆನ್ನುವುದು ಅದನ್ನೇ. ಕಾಯಿದೆಯ ಅನುಮತಿಯಿರುವುದರಿಂದ ವಿದ್ಯಾರ್ಥಿಯನ್ನು ಕಳ್ಳನೆನ್ನಲಾಗದು. ಸಮಾಜಕ್ಕೆ ವೈದ್ಯರು ಬೇಕು, ವೈದ್ಯರಿಗೆ ಈ ಪಾಠ ಬೇಕು ಎಂಬುದೂ ನಿಜ. ಆದರೆ ಆ ಮನುಷ್ಯ ಕೊಡಲಿಲ್ಲವೆಂಬ ಸಂಗತಿ ಇದರಿಂದ ಅಳಿಸಿಹೋಗುವುದಿಲ್ಲ. ಯಾರೂ ಅವನನ್ನು ಕೇಳಲಿಲ್ಲ. ಅವನ ಅಂಗೈಯ ಜಡ್ಡುಗಟ್ಟಿದ ಚರ್ಮವನ್ನು ಬಿಡಿಸುವಾಗ, ಜೀವಮಾನವಿಡೀ ದುಡಿದ ಕೈಯೊಂದು ಕೊನೆಯ ಬಾರಿ, ಕೂಲಿಯಿಲ್ಲದೆ ದುಡಿಯುತ್ತಿದೆ. ಕಳವಲ್ಲದಿದ್ದರೂ ಅದು ಸಾಲ.

ಈ ಸಾಲ ವಿದ್ಯಾರ್ಥಿಯೊಬ್ಬನದೇ ಅಲ್ಲ. ಮಗ ಅಥವಾ ಮಗಳು ವೈದ್ಯರಾಗಲೆಂದು ಹಾರೈಸುವ ಅನುಕೂಲಸ್ಥ ಕುಟುಂಬಗಳು ತಮ್ಮ ಹಿರಿಯರ ದೇಹವನ್ನು ಕೊಡುವ ಮಾತು ಬಂದಾಗ ಹಿಂಜರಿಯುತ್ತವೆ. ಶವದಲ್ಲಿ ಅಲ್ಪಕಾಲದಲ್ಲಿಯೇ ಸೂಕ್ಷ್ಮಜೀವಿಗಳು ಹುಟ್ಟುವುದರಿಂದ ದಹನ ತಡವಾಗಬಾರದೆಂಬ ಶ್ರಾವಕರ ಸಂಕೋಚವು ಅಹಿಂಸೆಯಿಂದಲೇ ಹುಟ್ಟಿದುದು. ಅದನ್ನು ಹಗುರವಾಗಿ ಕಾಣಲಾಗದು. ಆದರೆ ಆ ನಿಯಮ ಎಲ್ಲ ದೇಹಗಳಿಗೂ ಒಂದೇ ಆಗಬೇಕು. ತನ್ನ ತಂದೆಯ ದೇಹಕ್ಕೆ ಯಾವುದು ಸಲ್ಲದೋ ಅದನ್ನು ಬಸ್ ನಿಲ್ದಾಣದಲ್ಲಿ ಸತ್ತ ಅನಾಮಿಕನ ದೇಹದ ಮೇಲೆ ತನ್ನ ಮಗು ಕಲಿಯಲೆಂದು ಒಪ್ಪುವವನು, ಸಂಕೋಚವನ್ನು ತನಗಾಗಿಯೂ ಅದರ ಲಾಭವನ್ನು ತನಗಾಗಿಯೂ ಇಟ್ಟುಕೊಂಡಂತಾಗುತ್ತದೆ. ದೇಹದಾನಕ್ಕೆ ಒಪ್ಪುವುದೂ ಒಪ್ಪದಿರುವುದೂ ಅವರವರ ಆತ್ಮಸಾಕ್ಷಿಗೆ ಬಿಟ್ಟದ್ದು. ಆದರೆ ಒಪ್ಪದಿರುವವನಿಗೂ ಈ ಲೆಕ್ಕ ತಿಳಿದಿರಬೇಕು.

2019ರ ಪಠ್ಯಕ್ರಮವು ಶವವನ್ನು ಮೊದಲ ಗುರುವೆಂದು ಕಾಣಬೇಕೆಂಬ ಪಾಠವನ್ನು ಮೊದಲ ವರ್ಷದಲ್ಲಿಯೇ ಇರಿಸಿದೆ. ಇದು ಸ್ವಾಗತಾರ್ಹ. ಆದರೆ ಒಂದು ದಿನದ ಮಾತಿನಿಂದ ಋಣ ತೀರದು. ಮೇಜಿನ ಸುತ್ತ ಹಾಸ್ಯ ಮಾಡದಿರುವುದು, ಮೊಬೈಲಿನಲ್ಲಿ ಚಿತ್ರ ತೆಗೆಯದಿರುವುದು, ಪಾಠ ಮುಗಿದ ಮೇಲೆ ಬಟ್ಟೆ ಹೊದಿಸುವುದು, ಉಳಿದ ಅವಶೇಷಗಳಿಗೆ ಗೌರವದ ಸಂಸ್ಕಾರ ದೊರೆಯುವಂತೆ ನೋಡಿಕೊಳ್ಳುವುದು ಇವು ನಿತ್ಯದ ಅಣುವ್ರತಗಳು. ಅಸಲಿನ ತೀರುವಳಿ ಆಗುವುದು ಮುಂದೆ, ಆಸ್ಪತ್ರೆಯಲ್ಲಿ. ಮೊದಲ ಗುರುವಿಗೆ ಹಿಂದಿರುಗಿಸುವಂತಿಲ್ಲ, ಅವನಂಥವರಿಗೆ ಹಿಂದಿರುಗಿಸಬಹುದು. ಜನರಲ್ ವಾರ್ಡಿನಲ್ಲಿ ಜೊತೆಗೆ ಬಂದವರಿಲ್ಲದೆ, ಚೀಟಿ ಹಿಡಿದು ಔಷಧಿ ತರುವವರಿಲ್ಲದೆ ಮಲಗಿರುವ ರೋಗಿಯೇ ಆ ಋಣದ ಈಗಿನ ವಾರಸುದಾರ. ಅವನ ಹೆಸರನ್ನು ಕೇಳಿ, ಆ ಹೆಸರಿನಿಂದ ಅವನನ್ನು ಕರೆಯುವ ವೈದ್ಯನು ಮೊದಲ ಆರು ತಿಂಗಳ ಪಾಠವನ್ನು ಸರಿಯಾಗಿ ಕಲಿತಿದ್ದಾನೆ.