ಸೊಂಟದ ತಿರುವು

ಕುಲಶೇಖರದಿಂದ ಮೂಡುಬಿದಿರೆಯ ರಸ್ತೆ ಹಿಡಿದು ವಾಮಂಜೂರು ದಾಟಿದರೆ ಪಿಲಿಕುಳ. ಅಲ್ಲೊಂದು ಗಾಲ್ಫ್ ಮೈದಾನವಿದೆ. ಆ ಆಟ ಕಲಿಸುವವರು ಕೈಯಿಂದ ಹೊಡೆಯಬೇಡಿ, ಮೈ ತಿರುಗಿಸಿ ಎನ್ನುತ್ತಾರಂತೆ; ನಮ್ಮ ಪಿ.ಟಿ. ಟೀಚರ್ ವಿವರಿಸಿದರು. ಕೋಲನ್ನು ಹಿಂದಕ್ಕೆ ಒಯ್ಯುವಾಗ ಭುಜಗಳು ಸುಮಾರು 90 ಡಿಗ್ರಿ ತಿರುಗಬೇಕು, ಸೊಂಟ ಅದರ ಅರ್ಧದಷ್ಟು. ಮರಳುವಾಗ ಸೊಂಟವೇ ಮುಂದು. ಎದೆ, ತೋಳು, ಕೊನೆಗೆ ಕೋಲು ಅದನ್ನು ಹಿಂಬಾಲಿಸುತ್ತವೆ. ತೋಳು ಅವಸರಪಟ್ಟರೆ ಬಲವೆಲ್ಲ ಸೋರಿಹೋಗುತ್ತದೆ.

ಕೇಳುತ್ತಿದ್ದಂತೆ ನನಗೆ ಹಿತ್ತಲಿನ ಬಟ್ಟೆ ಒಗೆಯುವ ಕಲ್ಲು ನೆನಪಾಯಿತು. ನೆನೆದ ಹೊದಿಕೆಯನ್ನು ಬರೀ ತೋಳಿನಿಂದ ಎತ್ತಿ ಬಡಿದರೆ ನಾಲ್ಕನೆಯ ಏಟಿಗೇ ಸುಸ್ತು. ಕಾಲೂರಿ, ಸೊಂಟದಿಂದ ತಿರುಗಿ ಬೀಸುವ ಹೆಂಗಸು ಒಂದು ಬುಟ್ಟಿ ಬಟ್ಟೆ ಮುಗಿಸುತ್ತಾಳೆ. ಅವಳಿಗೆ ಯಾರೂ ಡಿಗ್ರಿಯ ಲೆಕ್ಕ ಹೇಳಿಕೊಟ್ಟಿಲ್ಲ. ಅದೇ ತಿರುವು ಹುಲ್ಲಿನ ಮೇಲಾದರೆ ಕೌಶಲ, ಕಲ್ಲಿನ ಮುಂದಾದರೆ ಮನೆಗೆಲಸ!

ವ್ಯತ್ಯಾಸ ಬರೀ ದುಡ್ಡಿನದೇ? ನನಗೆ ಹಾಗನಿಸುವುದಿಲ್ಲ. ಆಟವನ್ನು ನಾವಾಗಿ ಆರಿಸಿಕೊಳ್ಳುತ್ತೇವೆ, ಬೇಡವೆಂದರೆ ಬಿಡುತ್ತೇವೆ. ಬಟ್ಟೆಯನ್ನು ಹಾಗೆ ಬಿಡುವಂತಿಲ್ಲ. ಸರಿ, ಆದರೆ ಆಯ್ಕೆಯಿಲ್ಲದ ಕೆಲಸದಲ್ಲಿ ಜಾಣತನವೂ ಇಲ್ಲವೆಂದು ತೀರ್ಮಾನಿಸಿದವರು ಯಾರು? (ಒಗೆಯುವ ಮೆಶಿನ್ ಬಂದ ಮೇಲೆ ಆ ಜಾಣತನವನ್ನು ನೋಡುವವರೂ ಕಡಿಮೆಯಾದರು.)

ಬೆಂಗಳೂರಿನ ಅದಿತಿ ಅಶೋಕ್ 2021ರಲ್ಲಿ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಒಂದೇ ಹೊಡೆತದಿಂದ ಪದಕ ತಪ್ಪಿ ನಾಲ್ಕನೆಯವರಾದರು. ದೂರ ಹೊಡೆಯುವುದರಲ್ಲಿ ಅವರು ಮುಂಚೂಣಿಯವರಲ್ಲ; ಹತ್ತಿರದ ನಿಖರತೆಯೇ ಅವರ ಬಲ. ಆ ನಾಲ್ಕು ದಿನ ಅವರ ಕೋಲುಗಳ ಚೀಲ ಹೊತ್ತು ಜೊತೆಗೆ ನಡೆದವರು ತಾಯಿ. ಅದನ್ನು ನೀವು ಆಟವೆನ್ನುವಿರೋ, ಕೆಲಸವೆನ್ನುವಿರೋ?