ಮುಗ್ಗಟ್ಟಿನ ಕಾಲದ ಕಾಯಕ

ಶಿವಶರಣರು ಕಾಯಕವನ್ನು ಪೂಜೆಯಿಂದ ಬೇರೆಯಾಗಿ ಕಾಣಲಿಲ್ಲ. ಆದುದರಿಂದ ಅಂಗಡಿಯ ಲೆಕ್ಕಪುಸ್ತಕವೂ ಸದ್ಭಕ್ತನಿಗೆ ಕೇವಲ ಲೌಕಿಕವೆಂದು ತಳ್ಳಿಬಿಡತಕ್ಕ ವಸ್ತುವಲ್ಲ. ವ್ಯಾಪಾರವು ಏರುಮುಖವಾಗಿರುವಾಗ ಇದನ್ನು ಒಪ್ಪುವುದು ಸುಲಭ. ಪೇಟೆ ಬಿದ್ದು, ಕೊಟ್ಟ ಉದ್ರಿ ಬಾರದೆ, ತಂದ ಸಾಲಕ್ಕೆ ಬಡ್ಡಿ ಬೆಳೆಯುತ್ತಿರುವಾಗ, ಇಷ್ಟಲಿಂಗವನ್ನು ಕರಸ್ಥಲದಲ್ಲಿಟ್ಟು ಕುಳಿತರೂ ಗೃಹಸ್ಥನ ಮನಸ್ಸು ಗಲ್ಲಾಪೆಟ್ಟಿಗೆಯನ್ನೇ ಸುತ್ತುತ್ತಿರುವುದು. ಅಂಥ ಹೊತ್ತಿನಲ್ಲಿ ಅವನು ಭಯದಿಂದ ಎಲ್ಲವನ್ನೂ ಮಾರಲು ಹೊರಡುವನು. ಇಲ್ಲವೆ, ನಾಳೆ ಎಲ್ಲವೂ ಸರಿಹೋದೀತೆಂಬ ಆಸೆಯಿಂದ ಸಾಲದ ಮೇಲೆ ಸಾಲವನ್ನು ಹೊರುವನು.

ಆಯ್ದಕ್ಕಿ ಮಾರಯ್ಯ-ಲಕ್ಕಮ್ಮರ ಕಥೆಯನ್ನು ಅರಿಯದ ಭಕ್ತರಿಲ್ಲ. ಕಲ್ಯಾಣದಲ್ಲಿ ಬಸವಣ್ಣನವರ ಮನೆಯಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದನು. ಲಕ್ಕಮ್ಮನು ಹಿಗ್ಗಲಿಲ್ಲ, ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬರುವಂತೆ ಗಂಡನನ್ನು ಹಿಂದಕ್ಕೆ ಕಳುಹಿದಳು. ಇದನ್ನು ವೈರಾಗ್ಯದ ಕಥೆಯೆಂದು ಮಾತ್ರ ಓದುವುದುಂಟು. ಆದರೆ ಇದು ಲೆಕ್ಕದ ಕಥೆಯೂ ಹೌದು. ಆ ಮನೆಗೆ ದಿನದ ಅಳತೆ ಎಷ್ಟೆಂಬುದು ಸ್ಪಷ್ಟವಾಗಿತ್ತು. ಬಲ್ಲವಳು ಮನೆಯೊಡತಿ, ಕೇಳಿದವನು ದುಡಿದು ತಂದ ಗಂಡ, ಎಂಬುದನ್ನೂ ಗಮನಿಸಬೇಕು.

ಅಳತೆಯನ್ನರಿತು ಮುಗ್ಗಟ್ಟನ್ನು ಎದುರಿಸಿದವರ ನಿದರ್ಶನವೊಂದು ಕರಾವಳಿಯ ಉಡುಪಿಯಲ್ಲಿದೆ. ಅಲ್ಲಿನ ಕೈಮಗ್ಗದ ಕಸುಬು ಕುಸಿದು ನೇಕಾರರು ಕಂಗೆಟ್ಟಿದ್ದ ಕಾಲದಲ್ಲಿ, 1925ರಲ್ಲಿ, ವ್ಯಾಪಾರಿ ಉಪೇಂದ್ರ ಅನಂತ ಪೈ, ಇಂಜಿನಿಯರ್ ವಾಮನ ಕುಡ್ವ, ವೈದ್ಯ ಟಿ.ಎಂ.ಎ. ಪೈ ಈ ಮೂವರು ಸೇರಿ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟನ್ನು ಸ್ಥಾಪಿಸಿದರು. ಮೂಲಧನ 8,000 ರೂಪಾಯಿ. ಇವರು ಶರಣಪಂಥದವರಲ್ಲ, ಆದರೆ ಕಾಯಕತತ್ತ್ವವು ಕುಲವನ್ನು ಕೇಳುವುದಿಲ್ಲ. 1928ರಲ್ಲಿ ಅವರು ಪಿಗ್ಮಿ ಠೇವಣಿಯನ್ನು ಆರಂಭಿಸಿ, ದಿನಕ್ಕೆ ಎರಡಾಣೆಯಷ್ಟು ಅಲ್ಪ ಹಣವನ್ನೂ ಮನೆಬಾಗಿಲಿಗೆ ಹೋಗಿ ಸಂಗ್ರಹಿಸಿದರು. ದಿನಕ್ಕೆರಡಾಣೆಯೆಂದರೆ ವರ್ಷಕ್ಕೆ 45 ರೂಪಾಯಿ 10 ಆಣೆ. ಮರುವರ್ಷವೇ ಜಗತ್ತಿನ ಮಹಾಮುಗ್ಗಟ್ಟು ಮೊದಲಾಯಿತು. ಆಯ್ದಕ್ಕಿಯಂತೆ ಕೂಡಿಬಂದ ಆ ಕಾಸುಗಳ ಆಧಾರದ ಮೇಲೆ ಬೆಳೆದ ಸಂಸ್ಥೆಯು ಮುಂದೆ ಸಿಂಡಿಕೇಟ್ ಬ್ಯಾಂಕಾಗಿ ಮಣಿಪಾಲದ ಹೆಸರನ್ನು ದೇಶಕ್ಕೆಲ್ಲ ಪರಿಚಯಿಸಿತು. 1969ರಲ್ಲಿ ಅದು ರಾಷ್ಟ್ರೀಕರಣಗೊಂಡು, 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ಲೀನವಾಯಿತು.

ಇದಕ್ಕೆ ಪ್ರತಿಯಾದ ನಿದರ್ಶನವೂ ದಕ್ಷಿಣದೇಶದಲ್ಲಿಯೇ ಉಂಟು. 1938ರಲ್ಲಿ ತಿರುವಾಂಕೂರು ನ್ಯಾಷನಲ್ ಅಂಡ್ ಕ್ವಿಲಾನ್ ಬ್ಯಾಂಕು ಬಾಗಿಲು ಮುಚ್ಚಿತು. ಅದಕ್ಕೆ ರಾಜಕೀಯ ಕಾರಣಗಳನ್ನು ಹೇಳುವವರುಂಟು. ಅದೇನೇ ಇರಲಿ, ಹಣವಿಟ್ಟವರೆಲ್ಲರೂ ಒಮ್ಮೆಗೇ ಬಂದು ಕೇಳಿದಾಗ, ಪುಸ್ತಕದಲ್ಲಿರುವ ಆಸ್ತಿ ಆ ಕ್ಷಣಕ್ಕೆ ಕೈಗೆ ಬರುವುದಿಲ್ಲ. ಕಾರ್ಕಳದ ಒಬ್ಬ ಬಟ್ಟೆಯಂಗಡಿಯವನ ಸ್ಥಿತಿಯೂ ಹೀಗೆಯೇ. ಕಪಾಟಿನ ತುಂಬ ಸರಕಿದೆ, ಉದ್ರಿಪುಸ್ತಕದ ತುಂಬ ಬರಬೇಕಾದ ಹಣವಿದೆ, ವರ್ಷದ ಕೊನೆಯ ಲೆಕ್ಕದಲ್ಲಿ ಲಾಭವೂ ಕಾಣುತ್ತದೆ. ಆದರೆ ತಿಂಗಳ ಬಾಡಿಗೆಗೆ ಕೈಯಲ್ಲಿ ಕಾಸಿಲ್ಲ. ವ್ಯಾಪಾರಗಳು ಅನೇಕವೇಳೆ ಮುಳುಗುವುದು ನಷ್ಟದಿಂದಲ್ಲ, ಕೈಗಾಸು ಒಣಗುವುದರಿಂದ. ಅಗ್ಗವಾಯಿತೆಂದು ಮುಗ್ಗಟ್ಟಿನಲ್ಲಿ ಸಾಲ ತಂದು ಸರಕು ತುಂಬಿಸುವವನು ಲಕ್ಕಮ್ಮನು ಮರಳಿ ಸುರಿಸಿದ ಅಕ್ಕಿಯನ್ನೇ ಬಡ್ಡಿಗೆ ತಂದಂತಾಯಿತು!

ಕಾಪು, ಮಲ್ಪೆಗಳ ಕಡಲಂಚಿನವರಿಂದ ಈ ವಿಷಯದಲ್ಲಿ ಕಲಿಯಬೇಕಾದುದುಂಟು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಂತ್ರದೋಣಿಗಳು ಕಡಲಿಗಿಳಿಯುವಂತಿಲ್ಲ. ಬರಿಗೈಯ ಕಾಲ ಬಂದೇ ಬರುವುದೆಂದು ತಿಳಿದಿರುವುದರಿಂದ, ಜಾಣನಾದವನು ಮೀನು ಹೇರಳವಾಗಿ ಸಿಕ್ಕುವಾಗಲೇ ಮಳೆಗಾಲಕ್ಕೆ ತೆಗೆದಿರಿಸುವನು. ಪೇಟೆಯ ಮುಗ್ಗಟ್ಟಿಗೆ ಇಂಥ ತಿಥಿಯಿಲ್ಲ. 2020ರ ಮಾರ್ಚಿನಲ್ಲಿ ಮಣಿಪಾಲದ ವಿದ್ಯಾರ್ಥಿಗಳು ಊರುಗಳಿಗೆ ತೆರಳಿದಾಗ, ಅವರನ್ನೇ ನಂಬಿದ್ದ ಊಟದ ಮನೆಗಳೂ ಬಾಡಿಗೆಯ ಕೋಣೆಗಳೂ ಕೆಲವೇ ದಿನಗಳಲ್ಲಿ ಬರಿದಾದವು. ಒಂದೇ ಬಗೆಯ ಗಿರಾಕಿಯನ್ನು ನಂಬಿದವನಿಗೆ ಅವನ ಅಗಲಿಕೆಯೇ ಮುಗ್ಗಟ್ಟು.

ಆದುದರಿಂದ ಕಷ್ಟ ಕಂಡೊಡನೆ ಮೊದಲು ಆಗಬೇಕಾದುದು ಲೆಕ್ಕವನ್ನು ಮನೆಯವರ ಮುಂದೆ ತೆರೆಯುವುದು. ಅನೇಕ ಗೃಹಸ್ಥರು ಇದನ್ನೇ ಮಾಡುವುದಿಲ್ಲ. ಮಡದಿಗೆ ಕಾರಣ ಹೇಳದೆ ಅವಳ ಬಂಗಾರವನ್ನು ಅಡವಿಡುವರು. ಮಗಳ ಮದುವೆಗೆ ಮಾತ್ರ ಹಿಂದಿನ ವೈಭವವೇ ಬೇಕೆನ್ನುವರು. ಊರಿನ ಕಣ್ಣಿಗೆ ಶ್ರೀಮಂತನಾಗಿ ತೋರಲು ಮನೆಯವರಿಗೆ ಸುಳ್ಳನಾಗುವುದು ಯಾವ ಮರ್ಯಾದೆ? ತಿಂಗಳಿಗೆ ನಿಜವಾಗಿ ಬರುವುದೆಷ್ಟು, ತಪ್ಪಿಸಲಾಗದ ವೆಚ್ಚವೆಷ್ಟು, ಹೀಗೆಯೇ ಎಷ್ಟು ತಿಂಗಳು ನಡೆದೀತು ಎಂಬ ಮೂರನ್ನು ಮಡದಿಯೊಡನೆ ಕುಳಿತು ಬರೆದರೆ ಅರ್ಧ ಭಯ ಇಳಿಯುವುದು.

ಎರಡು ಅಂಗಡಿಗಳಿದ್ದು ಒಂದು ಮತ್ತೊಂದನ್ನು ತಿನ್ನುತ್ತಿದ್ದರೆ, ಅದನ್ನು ಮುಚ್ಚುವುದು ಅವಮಾನವಲ್ಲ. ತಡಮಾಡಿ ಎರಡನ್ನೂ ಕಳೆಯುವುದೇ ಹಾನಿ. ಮುಚ್ಚುವಾಗಲೂ ಕ್ರಮವಿದೆ. ಕೆಲಸದಾಳಿನ ಸಂಬಳ ಮೊದಲು, ಏಕೆಂದರೆ ಅವನ ಕಾಯಕವು ಆಗಲೇ ಸಂದಿದೆ. ಸರಕು ಕೊಟ್ಟವರ ಮತ್ತು ಬ್ಯಾಂಕಿನ ಬಳಿಗೆ ಕಂತು ತಪ್ಪುವ ಮುನ್ನವೇ ತಾನಾಗಿ ಹೋಗಿ, ಇರುವುದನ್ನು ಇರುವಂತೆ ಹೇಳಿ ಅವಧಿ ಕೇಳತಕ್ಕದ್ದು. ತಪ್ಪಿದ ಮೇಲೆ ಹೋದವನಿಗಿಂತ ಮೊದಲೇ ಬಂದವನ ಮಾತಿಗೆ ಬೆಲೆ ಹೆಚ್ಚು. ದಾಸೋಹವನ್ನು ನಿಲ್ಲಿಸಬೇಕೇ ಎಂದು ಕೇಳುವ ಭಕ್ತರುಂಟು. ಮಾರಯ್ಯನ ಮನೆಯಲ್ಲಿ ದಾಸೋಹ ನಡೆದದ್ದು ಆಯ್ದ ಅಕ್ಕಿಯಿಂದ, ಸಾಲದ ಅಕ್ಕಿಯಿಂದಲ್ಲ. ನೂರು ಮಂದಿಗೆ ನೀಡುತ್ತಿದ್ದವನು ಈ ವರ್ಷ ಒಬ್ಬನಿಗೆ ನೀಡಲಿ.