ಸತ್ಯ ಯಾರಿಗೆ ಸಲ್ಲಬೇಕು?

ನಮ್ಮ ಹೊಸೂರು ಕಡೆ ಮನೆಮಾತು ಕನ್ನಡ, ಆಸ್ಪತ್ರೆಯ ಮಾತು ತಮಿಳು. ಹಾಗಾಗಿ ಒಂದು ರಾತ್ರಿ ಧರ್ಮಕೇಂದ್ರದ ಒಬ್ಬ ತಾಯಿ ನನಗೆ ಫೋನ್ ಮಾಡಿ, "ಡಾಕ್ಟರು ಕೇಳೋದು ಅರ್ಥವಾಗ್ತಿಲ್ಲ, ಬಾಪ್ಪ" ಎಂದರು. ಹೋದೆ. ಮಗಳ ಮುಖ, ಕುತ್ತಿಗೆ ಊದಿಕೊಂಡಿದ್ದವು, ಮಾತು ಹೊರಡುತ್ತಿರಲಿಲ್ಲ. "ತಿಂದದ್ದೇನೋ ಒಗ್ಗಲಿಲ್ಲ ಅಂತ ಹೇಳಿಬಿಡು" ಎಂದರು ತಾಯಿ. ಅಷ್ಟರಲ್ಲಿ ಹುಡುಗಿಯ ತಮ್ಮ ನನ್ನ ಕಿವಿಯಲ್ಲಿ ನಿಜ ಉಸುರಿದ್ದ: ಮನೆಯಲ್ಲಿ ಜಗಳವಾಗಿ, ಅಕ್ಕ ತಲೆಗೆ ಹಚ್ಚುವ ಡೈ ಕುಡಿದಿದ್ದಾಳೆ. (ಇದನ್ನು ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.)

ನಾನು ವೈದ್ಯನಲ್ಲ, ಬಿ.ಎಸ್ಸಿ. ರಸಾಯನಶಾಸ್ತ್ರ ಓದಿದವನು. ಕಪ್ಪು ಡೈಗಳಲ್ಲಿ ಹೆಚ್ಚಾಗಿ ಇರುವ ಪ್ಯಾರಾಫಿನೈಲಿನ್‌ಡೈಅಮೀನ್ ಹೊಟ್ಟೆಗೆ ಹೋದರೆ ಕೆಲವೇ ಗಂಟೆಗಳಲ್ಲಿ ಮುಖ, ನಾಲಿಗೆ, ಗಂಟಲು ಊದುತ್ತವೆ. ನೋಡಿದವರಿಗೆ ಅಲರ್ಜಿಯಂತೆಯೇ ಕಾಣುತ್ತದೆ. ಮೋಸ ಇರುವುದೇ ಅಲ್ಲಿ. ಉಸಿರಿನ ದಾರಿ ಮುಚ್ಚಿಕೊಂಡರೆ ಕುತ್ತಿಗೆಯಲ್ಲಿ ರಂಧ್ರ ಮಾಡಿ ಉಸಿರಾಡಿಸಬೇಕಾಗುತ್ತದೆ. ಊತ ಇಳಿದರೂ ಅಪಾಯ ಮುಗಿಯುವುದಿಲ್ಲ: ಒಳಗೆ ಸ್ನಾಯುಗಳು ಒಡೆದು, ಮೂತ್ರ ಕಪ್ಪಾಗಿ, ಮೂತ್ರಪಿಂಡ ಕೈಕೊಡಬಹುದು, ಹೃದಯಕ್ಕೂ ಪೆಟ್ಟು ಬೀಳಬಹುದು. ಇದಕ್ಕೆಂದೇ ಪ್ರತಿವಿಷವಿಲ್ಲ. ಬೇಗ ತಿಳಿದರೆ ಡ್ರಿಪ್, ನಿಗಾ, ಡಯಾಲಿಸಿಸ್‌ಗಳಿಂದ ಉಳಿಸಿಕೊಳ್ಳಬಹುದು.

ದುಭಾಷಿ ಹೇಳಿದ್ದನ್ನು ಹೇಳಿದಂತೆ ದಾಟಿಸಬೇಕಲ್ಲವೇ? ತಾಯಿಯ ಭಯವೂ ಸುಳ್ಳಲ್ಲ. ಪೊಲೀಸರು, ಊರಿನ ಬಾಯಿ, ಮುಂದೆ ಮದುವೆ. ಪೊಲೀಸರ ಭಯಕ್ಕೆ ಉತ್ತರವಿದೆ: 2017ರ ಮಾನಸಿಕ ಆರೋಗ್ಯ ಕಾಯ್ದೆ ಇಂಥವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸುತ್ತದೆ, ಶಿಕ್ಷಿಸುವುದಿಲ್ಲ. ಊರಿನ ಬಾಯಿಗೆ ಕಾಯ್ದೆಯಿಲ್ಲ. ಧರ್ಮಸಭೆಯ ಧರ್ಮೋಪದೇಶ ಗ್ರಂಥದ 2489ನೇ ಪರಿಚ್ಛೇದದ ಪ್ರಕಾರ, ತಿಳಿಯುವ ಹಕ್ಕಿಲ್ಲದವರಿಗೆ ಸತ್ಯ ಬಿಚ್ಚಿಡುವ ಬಾಧ್ಯತೆ ನಮಗಿಲ್ಲ. ಪಕ್ಕದ ಮನೆಯವರಿಗೆ ಆ ಹಕ್ಕಿಲ್ಲ, ಸರಿ. ಆದರೆ ಜೀವ ಹಿಡಿದುಕೊಂಡು ನಿಂತ ಡಾಕ್ಟರಿಗೆ? ಮಾನ ಉಳಿಸಲು ಹೇಳುವ ಅದೇ ಮಾತು ಬೀದಿಯಲ್ಲಿ ಮರೆಯಾಗಬಹುದು, ವಾರ್ಡಿನಲ್ಲಿ ಕೊಲ್ಲಬಹುದು.

"ಅಮ್ಮ, ಡಾಕ್ಟರಿಗೆ ಮಾತ್ರ ಹೇಳ್ತೀನಿ, ಬೀದಿಗಲ್ಲ" ಎಂದೆ. ಅವರು ಸೆರಗು ಬಾಯಿಗೊತ್ತಿಕೊಂಡು ತಲೆಯಾಡಿಸಿದರು. ಒಪ್ಪದಿದ್ದರೆ? ಆಗಲೂ ಹೇಳುತ್ತಿದ್ದೆ ಎಂದೇ ನಂಬಿದ್ದೇನೆ. ಆದರೆ ಆ ಮನೆಯ ಬಾಗಿಲು ಮತ್ತೆ ನನಗೆ ತೆರೆಯುತ್ತಿತ್ತೋ ಇಲ್ಲವೋ.

ಮರುದಿನ ಮೂತ್ರ ಕಪ್ಪಾದಾಗ ಡಾಕ್ಟರು ಸಿದ್ಧರಾಗಿಯೇ ಇದ್ದರು. ಹಲವು ಸಲ ಡಯಾಲಿಸಿಸ್ ಆಯಿತು. ಆಮೇಲೆ ಮನಸ್ಸಿನ ವೈದ್ಯರ ಭೇಟಿಯೂ. (ಮನಸ್ಸು ಕದಡಿದಾಗ 14416, ಟೆಲಿ ಮಾನಸ್‌ಗೆ ಕರೆ ಮಾಡಿ, ಕನ್ನಡದಲ್ಲೂ ಮಾತಾಡುತ್ತಾರೆ.)

ಅವಳು ಭಾನುವಾರದ ಬಲಿಪೂಜೆಗೆ ಬಂದ ದಿನ ಅಂಗಳದಲ್ಲಿ ಯಾರೋ ನನ್ನನ್ನು, "ಆ ಹುಡುಗಿಗೆ ಏನಾಗಿತ್ತಪ್ಪ?" ಎಂದು ಕೇಳಿದರು.

"ಹುಷಾರಿರಲಿಲ್ಲ. ಈಗ ವಾಸಿ" ಎಂದೆ.